ಬಿಕಾಂ ಹುಡುಗಿಗೆ ಸಂವಿಧಾನ ಯಾಕೆ, ಎಂಜಿನಿಯರ್‌ಗೆ ಕನ್ನಡ ಯಾಕೆ?

"ಬಿಎಸ್ಸಿ ಸೇರಿದ್ದು ಕೆಮಿಸ್ಟ್ರಿ ಓದ್ಲಾಕ್ರಿ ಸರ. ಈ ಸಂವಿಧಾನ, ಪರಿಸರ ಎಲ್ಲಾ ನಮಗ್ಯಾಕ?"

ಕಲಬುರಗಿಯ ಯಾವ ಡಿಗ್ರಿ ಕಾಲೇಜಿಗೆ ಹೋದರೂ ಮೊದಲ ಸೆಮಿಸ್ಟರ್‌ನಲ್ಲಿ ಈ ಪ್ರಶ್ನೆ ಕೇಳಿಬರುತ್ತದೆ. ಕೇಳುವವರು ಓದಲು ಬೇಸರಪಡುವ ಮಕ್ಕಳೇ ಆಗಿರಬೇಕು ಅಂತೇನಿಲ್ಲ. ಆಳಂದ, ಚಿತ್ತಾಪುರ, ಜೇವರ್ಗಿ ಕಡೆಯಿಂದ ಬೆಳಿಗ್ಗೆ ಬಸ್ ಹಿಡಿದು ಬರುವವರು ಬಹಳ ಜನ. ಮಧ್ಯಾಹ್ನದ ಬಸ್ ತಪ್ಪಿದರೆ ಮನೆ ಸೇರುವಾಗ ಕತ್ತಲಾಗುತ್ತದೆ. ಕೆಲವರು ಸಂಜೆ ಅಂಗಡಿಯಲ್ಲಿ ದುಡಿಯುತ್ತಾರೆ. ಅವರಿಗೆ ಒಂದು ಪೀರಿಯಡ್ ಅಂದರೆ ಸಮಯವೂ ಹೌದು, ದುಡ್ಡೂ ಹೌದು. ಹಾಗಾಗಿ ಈ ಪ್ರಶ್ನೆಗೆ "ಸಿಲಬಸ್‌ನಲ್ಲಿದೆ, ಓದಿ" ಅನ್ನುವುದು ಉತ್ತರವಲ್ಲ.

ನಾನು ಇಲ್ಲಿ ಡಿಗ್ರಿ ಮಕ್ಕಳಿಗೆ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಉತ್ತರ ಇಷ್ಟು: ಇಂಥ ಪಾಠಗಳು ಬೇಕು, ಕಡ್ಡಾಯವಾಗಿಯೇ ಬೇಕು. ಆದರೆ ಆ ಕಡ್ಡಾಯ ವಿದ್ಯಾರ್ಥಿಗೆ ಮಾತ್ರ ಆಗಬಾರದು. ಮಕ್ಕಳನ್ನು ಒಂದು ಪಾಠಕ್ಕೆ ಕೂರಿಸಿದ ಮೇಲೆ ಅದನ್ನು ಚೆನ್ನಾಗಿ ಹೇಳಿಕೊಡುವ ಮೇಷ್ಟ್ರನ್ನು ಕೊಡುವುದು ಕಾಲೇಜಿಗೆ, ವಿಶ್ವವಿದ್ಯಾಲಯಕ್ಕೆ, ಸರ್ಕಾರಕ್ಕೂ ಅಷ್ಟೇ ಕಡ್ಡಾಯ. ಈ ಎರಡನೆಯ ಅರ್ಧ ನಮ್ಮಲ್ಲಿ ಕಾಣೆಯಾಗಿದೆ. ಮಕ್ಕಳ ಸಿಟ್ಟೆಲ್ಲ ಹುಟ್ಟುವುದು ಅಲ್ಲೇ.

ಇವು ಯಾವ ಪಾಠಗಳು?

ಡಿಗ್ರಿಯಲ್ಲಿ ನಾವು ಆರಿಸಿಕೊಳ್ಳುವ ಮುಖ್ಯ ವಿಷಯ ಇರುತ್ತದೆ: ಕೆಮಿಸ್ಟ್ರಿ, ಇತಿಹಾಸ, ಅಕೌಂಟೆನ್ಸಿ, ಸಿವಿಲ್ ಎಂಜಿನಿಯರಿಂಗ್, ಹೀಗೆ. ಅದರ ಜೊತೆಗೆ ಎಲ್ಲರೂ ಓದಲೇಬೇಕಾದ ಕೆಲವು ವಿಷಯ ಇರುತ್ತವೆ. ಭಾಷೆಗಳು, ಭಾರತದ ಸಂವಿಧಾನ, ಪರಿಸರ ಅಧ್ಯಯನ, ಕಂಪ್ಯೂಟರ್ ಬಳಕೆ, ಬೇರೆ ವಿಭಾಗದಿಂದ ಆರಿಸಿಕೊಳ್ಳುವ ಒಂದೆರಡು ಪೇಪರ್. ಇವನ್ನೆಲ್ಲ ಒಟ್ಟಾಗಿ ಸಾಮಾನ್ಯ ಶಿಕ್ಷಣದ ಪಾಠಗಳು ಅನ್ನಬಹುದು.

ಎಷ್ಟು ಪಾಲು ಇವು? ಅದನ್ನು ಲೆಕ್ಕ ಹಾಕಲು ಕ್ರೆಡಿಟ್ ಅಂದರೇನು ಅಂತ ಗೊತ್ತಿರಬೇಕು. ಒಂದು ಕ್ರೆಡಿಟ್ ಅಂದರೆ ಒಂದು ಸೆಮಿಸ್ಟರ್‌ನಲ್ಲಿ 15 ಗಂಟೆ ಪಾಠ. ಪ್ರಾಕ್ಟಿಕಲ್ ಆದರೆ 30 ಗಂಟೆ. 2022ರ ಡಿಸೆಂಬರ್‌ನಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಡಿಗ್ರಿಗೆ 120 ಕ್ರೆಡಿಟ್. ಅದರಲ್ಲಿ ಮುಖ್ಯ ವಿಷಯಕ್ಕೆ 60, ಉಪ ವಿಷಯಕ್ಕೆ 24. ಬೇರೆ ಕ್ಷೇತ್ರದ ಪಾಠಗಳಿಗೆ 9, ಭಾಷೆಗೆ 8, ಕೌಶಲಕ್ಕೆ 9, ಪರಿಸರದಂಥ ಎಲ್ಲರಿಗೂ ಬೇಕಾದ ಪಾಠಗಳಿಗೆ 6ರಿಂದ 8. ಉಳಿದದ್ದು ಇಂಟರ್ನ್‌ಶಿಪ್. ಅಂದರೆ ಮುಖ್ಯ, ಉಪ ವಿಷಯ ಬಿಟ್ಟು ಕಡಿಮೆ ಎಂದರೂ 32 ಕ್ರೆಡಿಟ್ ಈ ಪಾಠಗಳಿಗೆ ಹೋಗುತ್ತದೆ. ಗಂಟೆಯಲ್ಲಿ ಹೇಳಿದರೆ ಕನಿಷ್ಠ 480. ಡಿಗ್ರಿಯ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ನಡೆಯುವುದು ಈ ಚೌಕಟ್ಟು.

ರಾಜ್ಯದ ಕಾಲೇಜುಗಳ ಕಥೆ ಬೇರೆ. 2021-22ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಡಿಗ್ರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ಆಗ ಬಂದದ್ದು 'ಓಪನ್ ಎಲೆಕ್ಟಿವ್', ಅಂದರೆ ಬೇರೆ ವಿಭಾಗದ ಒಂದು ವಿಷಯ ಆರಿಸಿಕೊಳ್ಳುವ ಪದ್ಧತಿ. ಮಕ್ಕಳ ಬಾಯಲ್ಲಿ ಅದು 'ಓಇ'. 2024ರ ಮೇ ತಿಂಗಳಲ್ಲಿ ಸರ್ಕಾರ ಆ ನೀತಿಯ ಜೊತೆ ಬಂದಿದ್ದ ನಾಲ್ಕು ವರ್ಷದ ಪದ್ಧತಿ ಕೈಬಿಟ್ಟು ಮೂರು ವರ್ಷದ ಡಿಗ್ರಿಗೆ ವಾಪಸ್ ಬಂತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಅದಕ್ಕೆ ಆಧಾರ. ಪದ್ಧತಿ ಬದಲಾದರೂ ಭಾಷೆ, ಸಂವಿಧಾನ, ಪರಿಸರ ಉಳಿದುಕೊಂಡವು. ಒಂದೇ ಕಾಲೇಜಿನಲ್ಲಿ ಅಕ್ಕ ಒಂದು ಸ್ಕೀಮ್, ತಂಗಿ ಇನ್ನೊಂದು ಸ್ಕೀಮ್ ಓದಿದ ಮನೆಗಳು ನಮ್ಮಲ್ಲಿ ಇವೆ. ಅಕ್ಕನ ನೋಟ್ಸ್ ತಂಗಿಗೆ ಉಪಯೋಗಕ್ಕೆ ಬರಲಿಲ್ಲ. ಬಡ ಮನೆಗಳಿಗೆ ಇದು ಸಣ್ಣ ನಷ್ಟ ಅಲ್ಲ.

ಎಂಜಿನಿಯರಿಂಗ್‌ನಲ್ಲೂ ಇದೇ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ 2018ರ ಮಾದರಿ ಪಠ್ಯಕ್ರಮದಲ್ಲಿ 160 ಕ್ರೆಡಿಟ್‌ಗೆ 12 ಮಾನವಿಕ ವಿಷಯಗಳಿಗೆ ಇತ್ತು. ಪರಿಸರ, ಸಂವಿಧಾನ ಎರಡೂ ಕಡ್ಡಾಯ, ಆದರೆ ಅವಕ್ಕೆ ಕ್ರೆಡಿಟ್ ಸೊನ್ನೆ. ನಮ್ಮ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ', ಬಾರದವರಿಗೆ 'ಬಳಕೆ ಕನ್ನಡ' ಇಟ್ಟಿದೆ.

ಎಲ್ಲಿಂದ ಬಂತು?

ಬಹಳ ಜನ ಇದನ್ನು ಅಮೆರಿಕದ ಆಮದು ಅನ್ನುತ್ತಾರೆ. ಅರ್ಧ ನಿಜ. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಎಲ್ಲ ಹೊಸ ವಿದ್ಯಾರ್ಥಿಗಳಿಗೂ ಒಂದು ಸಮಾನ ಪಾಠ ಶುರು ಮಾಡಿತು. 1945ರಲ್ಲಿ ಹಾರ್ವರ್ಡ್ ಈ ಬಗ್ಗೆ ದೊಡ್ಡ ವರದಿ ತಂದಿತು. ಅದಾಗಿ ಕೆಲವೇ ವರ್ಷದಲ್ಲಿ, 1948-49ರ ರಾಧಾಕೃಷ್ಣನ್ ಆಯೋಗ, ಭಾರತದ ಕಾಲೇಜುಗಳಿಗೂ ಸಾಮಾನ್ಯ ಶಿಕ್ಷಣ ಬೇಕು ಅಂತ ಹೇಳಿತು. ಹಾಗಾಗಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದನ್ನು ಹುಟ್ಟುಹಾಕಲಿಲ್ಲ, ಹಳೆಯ ಮಾತನ್ನೇ ಜೋರಾಗಿ ಹೇಳಿತು.

ಪರಿಸರ ಅಧ್ಯಯನ ಬಂದ ದಾರಿ ಬೇರೆ. ಅದು ಬಂದದ್ದು ಕೋರ್ಟಿನಿಂದ. ವಕೀಲ ಎಂ. ಸಿ. ಮೆಹ್ತಾ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ಶಾಲೆ-ಕಾಲೇಜುಗಳಲ್ಲಿ ಪರಿಸರ ಕಲಿಸಬೇಕು ಎಂದಿತು. ಅದು ಸರಿಯಾಗಿ ಜಾರಿಯಾಗದಾಗ 2003ರಲ್ಲಿ ಮತ್ತೆ ಆದೇಶ ಕೊಟ್ಟಿತು. ಯುಜಿಸಿ ಆರು ತಿಂಗಳ ಪಠ್ಯ ಸಿದ್ಧ ಮಾಡಿದ್ದು ಆ ಕಾರಣಕ್ಕೆ. ಸರ್ಕಾರ ಬದಲಾದರೂ, ನೀತಿ ಬದಲಾದರೂ ಪರಿಸರದ ಪೇಪರ್ ಹೋಗದಿರುವುದಕ್ಕೆ ಇದೂ ಒಂದು ಕಾರಣ.

ನಮ್ಮ ನೆಲಕ್ಕೂ ಇದು ಹೊಸದೇನಲ್ಲ. ಬಹಮನಿ ದಿವಾನ ಮಹಮೂದ್ ಗವಾನ್ 1472ರಲ್ಲಿ ಬೀದರ್‌ನಲ್ಲಿ ಕಟ್ಟಿಸಿದ ಮದರಸಾದಲ್ಲಿ ಧರ್ಮಶಾಸ್ತ್ರದ ಜೊತೆಗೆ ಗಣಿತ, ಖಗೋಳ, ತತ್ವಶಾಸ್ತ್ರ ಕಲಿಸುತ್ತಿದ್ದರು. ಅದಕ್ಕೂ ಮೊದಲು ಚಿತ್ತಾಪುರ ಹತ್ತಿರದ ನಾಗಾವಿಯಲ್ಲಿ ಘಟಿಕಾಸ್ಥಾನ, ಅಂದರೆ ಆ ಕಾಲದ ಉನ್ನತ ವಿದ್ಯಾಕೇಂದ್ರ ಇತ್ತು. ವೇದ, ಶಾಸ್ತ್ರ ಹೇಳುವ ಗುರುಗಳ ಜೊತೆಗೆ ಪುಸ್ತಕ ಭಂಡಾರ ನೋಡಿಕೊಳ್ಳುವವರನ್ನೂ ಅಲ್ಲಿ ನೇಮಿಸಿದ್ದರು ಅಂತ 11ನೇ ಶತಮಾನದ ಶಾಸನದಿಂದ ತಿಳಿಯುತ್ತದೆ. ಆದರೆ ಅಲ್ಲಿ ಓದಿದವರು ಯಾರು ಅನ್ನುವುದನ್ನೂ ಮರೆಯಬಾರದು. ಆಯ್ದ ಕೆಲವರು. ಈಗ ಕ್ಲಾಸಿನಲ್ಲಿ ಕೂತಿರುವವರಲ್ಲಿ ಬಹಳ ಮಕ್ಕಳು ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು. ಅವರಿಗೆ ಏನು ಕಲಿಸಬೇಕು ಅನ್ನುವುದು ಈ ಕಾಲದ ಪ್ರಶ್ನೆ.

ಹದಿನಾರಕ್ಕೇ ಬಾಗಿಲು ಹಾಕಿಬಿಡುತ್ತೇವೆ

"ಪಿಯುಸಿ ತನಕ ಎಲ್ಲಾ ಓದಿದ್ದಾಯ್ತು, ಮತ್ತೇಕೆ?" ಅನ್ನುವ ವಾದ ಇದೆ. ಇಂಗ್ಲೆಂಡಿನಲ್ಲಿ ಡಿಗ್ರಿ ಮೂರೇ ವರ್ಷ, ಸೇರಿದ ದಿನದಿಂದ ಒಂದೇ ವಿಷಯ, ಅಲ್ಲಿನವರು ಕೆಟ್ಟರೇ ಅಂತ ಕೇಳುತ್ತಾರೆ. ಕೇಳಲು ಸರಿಯಾಗಿಯೇ ಇದೆ.

ಆದರೆ ನಮ್ಮಲ್ಲಿ ಏನಾಗುತ್ತದೆ ನೋಡಿ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಸೈನ್ಸ್, ಕಾಮರ್ಸ್, ಆರ್ಟ್ಸ್ ಅಂತ ಮೂರು ದಾರಿ. ಪಿಸಿಎಂಬಿ ತಗೊಂಡ ಹುಡುಗ ಹತ್ತನೇ ತರಗತಿಗೇ ಇತಿಹಾಸ, ರಾಜ್ಯಶಾಸ್ತ್ರ ಬಿಟ್ಟ. ಆರ್ಟ್ಸ್ ತಗೊಂಡ ಹುಡುಗಿ ಹತ್ತನೇ ತರಗತಿಗೇ ಲೆಕ್ಕ ಬಿಟ್ಟಳು. ಆಗ ಅವರ ವಯಸ್ಸು ಹದಿನಾರು. ಎಷ್ಟೋ ಸಲ ಆ ದಾರಿ ಆರಿಸಿದ್ದು ಅವರೂ ಅಲ್ಲ. ಮಾರ್ಕ್ಸ್, ಫೀಸು, ಊರಿಗೆ ಹತ್ತಿರ ಯಾವ ಕಾಲೇಜಿದೆ ಅನ್ನುವುದು ಆರಿಸಿತು. ಮತದಾನದ ಹಕ್ಕು ಬರುವ ಎರಡು ವರ್ಷ ಮೊದಲೇ ಸಂವಿಧಾನದ ಪಾಠ ಮುಗಿದುಹೋಗುತ್ತದೆ. ಬ್ಯಾಂಕ್ ಸಾಲ, ಬಡ್ಡಿ, ವಿಮೆ ಇವೆಲ್ಲ ಜೀವನಕ್ಕೆ ಬರುವ ಮೊದಲೇ ಲೆಕ್ಕದ ಪಾಠ ಮುಗಿಯುತ್ತದೆ. ಇಷ್ಟು ಚಿಕ್ಕ ವಯಸ್ಸಿಗೆ ಬಾಗಿಲು ಹಾಕುವ ವ್ಯವಸ್ಥೆಯಲ್ಲಿ ಅದನ್ನು ಮತ್ತೊಮ್ಮೆ ತೆರೆಯುವ ಜಾಗ ಡಿಗ್ರಿ ಒಂದೇ.

ಸರ್ಕಾರಿ ಕೆಲಸದ ಪರೀಕ್ಷೆಗಳನ್ನೂ ನೋಡಿ. ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರೂ ಜಿಲ್ಲೆಯಲ್ಲಿ ಡಿಗ್ರಿ ಮುಗಿಸಿದವರ ಕಣ್ಣು ಪಿಡಿಒ, ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಮೇಲೆ. ಪಿಎಸ್‌ಐ ಪರೀಕ್ಷೆಯ ಒಂದು ಪೇಪರ್ ಪೂರ್ತಿ ಪ್ರಬಂಧ, ಸಾರಾಂಶ ಬರವಣಿಗೆ, ಅನುವಾದ. ಇನ್ನೊಂದು ಸಾಮಾನ್ಯ ಜ್ಞಾನ. ಡಿಗ್ರಿಯಲ್ಲಿ ಭಾಷೆಯ ಕ್ಲಾಸು, ಸಂವಿಧಾನದ ಕ್ಲಾಸು ತಪ್ಪಿಸಿದ ಮಕ್ಕಳೇ ಆಮೇಲೆ ಕೋಚಿಂಗ್‌ಗೆ ದುಡ್ಡು ಕಟ್ಟಿ ಅದನ್ನೇ ಓದುತ್ತಾರೆ. ಅಪ್ಪ ತೊಗರಿ ಮಾರಿ ಕೊಟ್ಟ ದುಡ್ಡು ಅದು. ನೋಡಿದಾಗ ಸಂಕಟ ಆಗುತ್ತದೆ.

ತೊಗರಿ ವಿಮೆಯ ಲೆಕ್ಕ

ಒಂದು ಪಾಠ ಹೇಗಿದ್ದರೆ ಮಕ್ಕಳು "ಯಾಕೆ" ಅಂತ ಕೇಳುವುದನ್ನು ನಿಲ್ಲಿಸುತ್ತಾರೆ ಅಂತ ನನ್ನ ವಿಷಯದಿಂದಲೇ ತೋರಿಸುತ್ತೇನೆ. ಬಿಎ ಮಕ್ಕಳಿಗೆ ಸಂಖ್ಯಾಶಾಸ್ತ್ರದ ಪರಿಚಯ ಹೇಳಬೇಕು. ಪುಸ್ತಕ ಶುರುವಾಗುವುದು ಸರಾಸರಿಯ ಸೂತ್ರದಿಂದ. ನಾನು ಶುರು ಮಾಡುವುದು ಬೆಳೆ ವಿಮೆಯಿಂದ.

ಕಲಬುರಗಿ ತೊಗರಿಯ ಕಣಜ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. 2022ರಲ್ಲಿ ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗಿದ್ದು ಎಲ್ಲರಿಗೂ ನೆನಪಿದೆ. ಬೆಳೆ ಹೋದಾಗ ಕೇಳುವ ಮಾತು ಒಂದೇ: "ವಿಮಾ ಕಟ್ಟೇವಿ, ನಮಗ್ಯಾಕ ಬರಲಿಲ್ಲ? ಬಾಜೂ ಊರಿನವರಿಗೆ ಬಂತಲ್ಲ?"

ಉತ್ತರ ಇರುವುದು ಸರಾಸರಿಯಲ್ಲಿ. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಬೆಳೆಗೆ ರೈತ ಕಟ್ಟುವ ಕಂತು ವಿಮಾ ಮೊತ್ತದ ಶೇ 2ಕ್ಕಿಂತ ಹೆಚ್ಚಿಲ್ಲ. ಪರಿಹಾರ ಮಾತ್ರ ಒಬ್ಬೊಬ್ಬರ ಹೊಲ ನೋಡಿ ಕೊಡುವುದಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಒಂದು ಘಟಕ. ಅಲ್ಲಿ ಕೆಲವು ಹೊಲಗಳನ್ನು ಆರಿಸಿ, ಅಳತೆ ಮಾಡಿದ ತುಂಡಿನಲ್ಲಿ ಬೆಳೆ ಕೊಯ್ದು ತೂಗುತ್ತಾರೆ. ಇದಕ್ಕೆ ಬೆಳೆ ಕಟಾವು ಪ್ರಯೋಗ ಅನ್ನುತ್ತಾರೆ. ಅದರಿಂದ ಆ ಪಂಚಾಯಿತಿಯ ಸರಾಸರಿ ಇಳುವರಿ ಬರುತ್ತದೆ. ಅದನ್ನು ಹೋಲಿಸುವುದು ಯಾವುದಕ್ಕೆ? ಹಿಂದಿನ ಏಳು ವರ್ಷದಲ್ಲಿ ಚೆನ್ನಾಗಿದ್ದ ಐದು ವರ್ಷದ ಸರಾಸರಿ ತೆಗೆದು, ಅದರ ಶೇ 70, 80 ಅಥವಾ 90ರಷ್ಟನ್ನು ಮಟ್ಟವಾಗಿ ಇಡುತ್ತಾರೆ. ಈ ವರ್ಷದ ಇಳುವರಿ ಅದಕ್ಕಿಂತ ಕೆಳಗಿದ್ದರೆ ಮಾತ್ರ ಪರಿಹಾರ.

ಬೋರ್ಡಿನ ಮೇಲೆ ಲೆಕ್ಕ ಸುಲಭವಾಗಲೆಂದು ಅಂಕಿ ನಾನೇ ಕಟ್ಟಿಕೊಳ್ಳುತ್ತೇನೆ. ಏಳು ವರ್ಷದ ಇಳುವರಿ ಎಕರೆಗೆ 4, 5, 2, 5, 4, 3, 6 ಕ್ವಿಂಟಲ್ ಅನ್ನೋಣ. ಕಡಿಮೆ ಇರುವ 2 ಮತ್ತು 3 ಬಿಟ್ಟರೆ ಉಳಿದ ಐದರ ಮೊತ್ತ 24. ಸರಾಸರಿ 4.8. ಅದರ ಶೇ 80 ಅಂದರೆ 3.84. ಈ ವರ್ಷ ಪಂಚಾಯಿತಿಯ ಸರಾಸರಿ 3.2 ಬಂದರೆ ಕೊರತೆ 0.64. ಅದು 3.84ರ ಆರನೇ ಒಂದು ಭಾಗ. ವಿಮಾ ಮೊತ್ತ ಎಕರೆಗೆ 18,000 ರೂಪಾಯಿ ಆಗಿದ್ದರೆ ಕೈಗೆ ಬರುವುದು 3,000.

ಇಷ್ಟು ಹಾಕುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ. "ಸರ, ನಮ್ಮ ಹೊಲದಾಗ ಒಂದ ಕಾಳೂ ಬಂದಿಲ್ಲ, ಊರಾಗ ಉಳಿದವರಿಗೆ ಬಂದದ. ಆವಾಗ?" ಆಗ ಪಂಚಾಯಿತಿ ಸರಾಸರಿ ಮಟ್ಟಕ್ಕಿಂತ ಮೇಲಿದ್ದರೆ ಈ ಲೆಕ್ಕದಲ್ಲಿ ಅವರಿಗೆ ಏನೂ ಸಿಗುವುದಿಲ್ಲ. ಆಲಿಕಲ್ಲು, ಹೊಲದಲ್ಲಿ ನೀರು ನಿಲ್ಲುವುದು ಇಂಥ ಸ್ಥಳೀಯ ಹಾನಿಗೆ ಬೇರೆ ದಾರಿ ಇದೆ, ಅದಕ್ಕೆ 72 ಗಂಟೆಯೊಳಗೆ ತಿಳಿಸಬೇಕು. ಅಲ್ಲಿಂದ ಮುಂದೆ ಕ್ಲಾಸು ತಾನೇ ನಡೆಯುತ್ತದೆ. ಕಟಾವಿಗೆ ಹೊಲ ಆರಿಸುವವರು ಯಾರು? ರಸ್ತೆ ಪಕ್ಕ ಕಂಡ ಹೊಲವನ್ನೇ ಆರಿಸಿದರೆ ಆಗದೇ? ಯಾಕೆ ಆಗಬಾರದು? ಮಾದರಿ ಆಯ್ಕೆ ಅನ್ನುವ ಅಧ್ಯಾಯ ಪೂರ್ತಿ ಅಲ್ಲೇ ಮುಗಿಯುತ್ತದೆ. ಸರಾಸರಿ ಯಾವಾಗ ಸತ್ಯ ಹೇಳುತ್ತದೆ, ಯಾವಾಗ ಒಬ್ಬನ ನಷ್ಟವನ್ನು ಮುಚ್ಚಿಬಿಡುತ್ತದೆ ಅನ್ನುವುದು ಆ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಅವರಲ್ಲಿ ಯಾರೂ ಸಂಖ್ಯಾಶಾಸ್ತ್ರಜ್ಞರಾಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಕೃಷಿ ಅಧಿಕಾರಿ ಮುಂದೆ ನಿಂತು ಸರಿಯಾದ ಪ್ರಶ್ನೆ ಕೇಳಲು ಬಂದರೆ ಸಾಕು.

ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ, ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ಗಣಿತದ ಗ್ರಂಥ ಬರೆದ. ಅದರ ಶುರುವಿನಲ್ಲೇ ಗಣಿತ ಎಲ್ಲೆಲ್ಲಿ ಬೇಕಾಗುತ್ತದೆ ಅಂತ ಪಟ್ಟಿ ಕೊಡುತ್ತಾನೆ. ಅಡುಗೆ, ವೈದ್ಯ, ಸಂಗೀತ, ಛಂದಸ್ಸು, ವ್ಯಾಕರಣ, ಮನೆ ಕಟ್ಟುವುದು ಎಲ್ಲ ಅದರಲ್ಲಿದೆ. ಲೆಕ್ಕ ಎಲ್ಲರದ್ದೂ ಅನ್ನುವ ಮಾತನ್ನು ನಮ್ಮ ಕಡೆಯವರೇ ಆಗಲೇ ಹೇಳಿದ್ದರು ಅನ್ನುವುದು ನನಗೆ ಬಹಳ ಹೆಮ್ಮೆಯ ವಿಷಯ.

371(ಜೆ) ಸರ್ಟಿಫಿಕೇಟ್ ಎಲ್ಲರ ಹತ್ತಿರ ಇದೆ, ವಿಧಿ ಓದಿದವರು ಎಷ್ಟು?

ಸಂವಿಧಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಶುರು ನಮ್ಮ ಭಾಗದಲ್ಲಿ ಬೇರೆ ಇಲ್ಲ. ಕಾಲೇಜು ಪ್ರವೇಶಕ್ಕೆ, ಕೆಲಸದ ಅರ್ಜಿಗೆ ನಮ್ಮ ಮಕ್ಕಳು ಈ ಸರ್ಟಿಫಿಕೇಟ್‌ಗಾಗಿ ಕಂದಾಯ ಇಲಾಖೆಯ ಕಚೇರಿಗೆ ಓಡಾಡುತ್ತಾರೆ. ಝೆರಾಕ್ಸ್ ಮಾಡಿಸಿ ಫೈಲಿನಲ್ಲಿ ಇಟ್ಟುಕೊಳ್ಳುತ್ತಾರೆ. ಆದರೆ ಅದು ಸಂವಿಧಾನದ ಒಂದು ವಿಧಿ ಅನ್ನುವುದು ಎಷ್ಟೋ ಜನಕ್ಕೆ ಹೊಳೆದಿರುವುದಿಲ್ಲ.

ಆಗಿನ ಹೈದರಾಬಾದ್ ಕರ್ನಾಟಕ, ಅಂದರೆ ಈಗಿನ ಕಲ್ಯಾಣ ಕರ್ನಾಟಕದ ಬಹಳ ವರ್ಷಗಳ ಹೋರಾಟದ ಫಲವಾಗಿ 2012ರ 98ನೇ ತಿದ್ದುಪಡಿ ಕಾಯ್ದೆ ಈ ವಿಧಿಯನ್ನು ಸೇರಿಸಿತು. 2013ರಲ್ಲಿ ಜಾರಿಗೆ ಬಂತು. ಅದರಲ್ಲಿರುವ ಮಾತುಗಳು ಸರಳ. ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇರಬೇಕು. ಅದರ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆ ಮುಂದೆ ಬರಬೇಕು. ಅಭಿವೃದ್ಧಿ ಹಣ ನ್ಯಾಯವಾಗಿ ಹಂಚಿಕೆಯಾಗಬೇಕು. ಇಲ್ಲಿ ಹುಟ್ಟಿದವರಿಗೆ ಅಥವಾ ಇಲ್ಲಿನ ವಾಸಿಗಳಿಗೆ ಶಿಕ್ಷಣದಲ್ಲಿ, ಸರ್ಕಾರಿ ಕೆಲಸದಲ್ಲಿ ಒಂದು ಪಾಲು ಮೀಸಲಿಡಬಹುದು. ಅದರ ಆಧಾರದ ಮೇಲೆ ಇಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ನಮ್ಮವರಿಗೆ ಮೀಸಲು.

ಈಗ ಈ ವಿಧಿಯನ್ನು ಕೈಯಲ್ಲಿ ಹಿಡಿದು ಓದಿಸಿ ನೋಡಿ. ರಾಷ್ಟ್ರಪತಿ, ರಾಜ್ಯಪಾಲ, ಸಂಸತ್ತು, ತಿದ್ದುಪಡಿ, ಮೀಸಲಾತಿ, ಸಮಾನತೆ ಎಲ್ಲವೂ ಒಂದೇ ಪುಟದಲ್ಲಿ ಬರುತ್ತವೆ. "ಎಲ್ಲರೂ ಸಮಾನರು ಅಂದಮೇಲೆ ನಮಗೆ ಮಾತ್ರ ಯಾಕೆ ಬೇರೆ ಪಾಲು?" ಅಂತ ಒಬ್ಬ ಕೇಳಿದರೆ ಸಾಕು, ಸಂವಿಧಾನದ ಅತಿ ಕಷ್ಟದ ಚರ್ಚೆ ಶುರುವಾಯಿತು ಅಂತಲೇ ಲೆಕ್ಕ. ಮಂಡಳಿಯ ವರದಿ ಎಲ್ಲಿ, ಅದರಲ್ಲಿ ನಮ್ಮ ತಾಲ್ಲೂಕಿಗೆ ಎಷ್ಟು ಅಂತ ಹುಡುಕುವ ಹುಡುಗ ಆಮೇಲೆ ಆ ಪಾಠವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ನಮ್ಮಲ್ಲಿ ನಡೆಯುವುದು ಇದರ ಉಲ್ಟಾ. ಪೀಠಿಕೆಗೆ ಯಾವ ದೇಶದ ಪ್ರಭಾವ, ಮೂಲಭೂತ ಕರ್ತವ್ಯ ಎಷ್ಟು, ಒಂದು ಅಂಕದ ಪ್ರಶ್ನೆ, ನಾಲ್ಕು ಆಯ್ಕೆ.

ಪರಿಸರ ಅಧ್ಯಯನದ್ದೂ ಅದೇ ಕಥೆ. ಪುಸ್ತಕ ಓಝೋನ್ ರಂಧ್ರದಿಂದ ಶುರುವಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ, ಯಾದಗಿರಿ ಕಡೆಯ ಊರುಗಳಿಗೆ ನುಗ್ಗಿದ್ದು ಅದರಲ್ಲಿಲ್ಲ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಲ್ಲಿ ಬಿಟ್ಟ ನೀರಿಗೂ ನಮ್ಮ ಸೊನ್ನ ಬ್ಯಾರೇಜಿಗೂ ಏನು ಸಂಬಂಧ ಅನ್ನುವುದಿಲ್ಲ. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಿಲ್ಲ, ಶಹಾಬಾದ್ ಕಲ್ಲಿನ ಗಣಿಗಳಿಲ್ಲ. ಬೀದರ್‌ನ ಬಿದರಿ ಪಾತ್ರೆಗೆ ಕಪ್ಪು ಬರುವುದು ಕೋಟೆಯ ಮಣ್ಣು ಮತ್ತು ನವಸಾಗರದಿಂದ, ಸತು-ತಾಮ್ರದ ಮಿಶ್ರಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಆರ್ಟ್ಸ್ ಮಕ್ಕಳಿಗೆ ರಸಾಯನಶಾಸ್ತ್ರದ ಓಇ ಇಡುವುದಾದರೆ ಅದರಿಂದಲೇ ಶುರು ಮಾಡಬಹುದಲ್ವಾ?

ಮಕ್ಕಳ ದೂರು ಸುಳ್ಳಲ್ಲ

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯನ್ನೂ ನೇರವಾಗಿ ಹೇಳಬೇಕು. ಈ ಪಾಠಗಳು ನಮ್ಮ ಬಹಳ ಕಾಲೇಜುಗಳಲ್ಲಿ ನಡೆಯುವ ರೀತಿ ಚೆನ್ನಾಗಿಲ್ಲ.

ಸಂವಿಧಾನಕ್ಕೆ ಅಂತ ಬೇರೆ ಮೇಷ್ಟ್ರು ಇರುವುದಿಲ್ಲ. ಯಾರಿಗೆ ವರ್ಕ್‌ಲೋಡ್ ಕಡಿಮೆ ಇದೆಯೋ ಅವರಿಗೆ ಹಚ್ಚುತ್ತಾರೆ. ಅವರು ಭೂಗೋಳದವರೋ, ಗಣಿತದವರೋ ಆಗಿರಬಹುದು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುವುದೇ ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ. ಅವರ ನೇಮಕಾತಿ ತಡವಾದರೆ ಸೆಮಿಸ್ಟರ್‌ನ ಮೊದಲ ವಾರಗಳು ಹಾಗೇ ಹೋಗುತ್ತವೆ, ಮೊದಲು ಬಲಿಯಾಗುವುದು ಈ ಕಡ್ಡಾಯ ವಿಷಯಗಳೇ. ಕೊನೆಗೆ ಕ್ವಶ್ಚನ್ ಬ್ಯಾಂಕ್ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಇಂಟರ್ನಲ್ಸ್ ಎಲ್ಲರಿಗೂ ಸಿಗುತ್ತದೆ. ಪಾಸಾಗುತ್ತಾರೆ. ಏನೂ ಕಲಿತಿರುವುದಿಲ್ಲ.

ಓಪನ್ ಎಲೆಕ್ಟಿವ್‌ನಲ್ಲಿ 'ಓಪನ್' ಅನ್ನುವುದು ದೊಡ್ಡ ಊರಿನ ದೊಡ್ಡ ಕಾಲೇಜಿಗೆ ಮಾತ್ರ ನಿಜವಾಗಿತ್ತು. ಮೂರೋ ನಾಲ್ಕೋ ವಿಭಾಗ ಇರುವ ತಾಲ್ಲೂಕಿನ ಕಾಲೇಜಿನಲ್ಲಿ ಆಯ್ಕೆ ಮಾಡುವುದು ಟೈಮ್‌ಟೇಬಲ್. "ಈ ಪೀರಿಯಡ್‌ಗೆ ಇದೊಂದೇ ಇರೋದು, ಸಹಿ ಮಾಡಿ" ಅಂದರೆ ಆಯಿತು. ಸಂಗೀತ ಬೇಕು ಅಂದ ಹುಡುಗಿ ಮಾರ್ಕೆಟಿಂಗ್ ಓದಿದಳು.

ಇನ್ನೊಂದು ನೋವಿನ ಸಂಗತಿ ಬ್ಯಾಕ್‌ಲಾಗ್. ಮುಖ್ಯ ವಿಷಯದಲ್ಲಿ ಒಳ್ಳೆ ಮಾರ್ಕ್ಸ್ ಇದ್ದೂ, ಇಂಗ್ಲಿಷ್ ಪೇಪರ್ ಒಂದು ಉಳಿದುಹೋಗಿ ಡಿಗ್ರಿ ಕೈಗೆ ಬರದೆ ಕೂತ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದವರು ಅವರು. ಯಾದಗಿರಿಯ ತಾಂಡಾದಿಂದ ಬಂದವರಿಗೆ ಮನೆಯಲ್ಲಿ ಲಂಬಾಣಿ, ಬೀದರ್‌ನ ಔರಾದ್ ಕಡೆಯವರಿಗೆ ಮರಾಠಿ, ಕಲಬುರಗಿ ನಗರದ ಎಷ್ಟೋ ಮಕ್ಕಳಿಗೆ ದಖನಿ ಉರ್ದು. ಕನ್ನಡವೇ ಎರಡನೆಯದು, ಇಂಗ್ಲಿಷ್ ಮೂರನೆಯದು. ಇವರಿಗೆ ಭಾಷೆಯ ಪಾಠ ಅತಿ ಹೆಚ್ಚು ಬೇಕು. ಇವರನ್ನೇ ಅದು ಅತಿ ಹೆಚ್ಚು ಫೇಲ್ ಮಾಡುತ್ತದೆ. ಇಲ್ಲಿ ಪಾಠ ತೆಗೆದುಹಾಕುವುದು ಪರಿಹಾರ ಅಲ್ಲ, ಪಾಠವನ್ನೇ ಬದಲಿಸಬೇಕು.

ಹೇಗೆ? ಹದಿನೇಳನೇ ಶತಮಾನದ ಇಂಗ್ಲಿಷ್ ಪದ್ಯದ ಸಾರಾಂಶ ಬಾಯಿಪಾಠ ಮಾಡಿಸುವ ಬದಲು ಒಂದು ಪುಟ ಸ್ವಂತ ಬರೆಯುವುದನ್ನು ಕಲಿಸಿ. ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಆ 150 ಪದದಲ್ಲಿ ಯಾವ ಕಚೇರಿ, ಯಾವ ವರ್ಷ, ಯಾವ ಕಾಮಗಾರಿ, ಯಾವ ದಾಖಲೆಯ ಪ್ರತಿ ಬೇಕು ಅಂತ ಸ್ಪಷ್ಟವಾಗಿ ಬರೆಯಲು ಎಷ್ಟು ಯೋಚನೆ ಬೇಕು ಗೊತ್ತಾ? "ನಮ್ಮ ಊರಿನ ರಸ್ತೆ ಸರಿ ಇಲ್ಲ, ಮಾಹಿತಿ ಕೊಡಿ" ಅಂತ ಬರೆದರೆ ಏನೂ ಬರುವುದಿಲ್ಲ. ಭಾಷೆ, ಕಾನೂನು, ತರ್ಕ ಮೂರೂ ಒಂದೇ ಹಾಳೆಯಲ್ಲಿ ಕಲಿಯಬಹುದು. ಸೆಮಿಸ್ಟರ್ ಪರೀಕ್ಷೆಯಲ್ಲಿ ಇದನ್ನೇ ಕೇಳಿ ಹತ್ತು ಅಂಕ ಇಡಿ. ಗೈಡ್ ನೋಡಿ ಬರೆಯಲು ಆಗುವುದಿಲ್ಲ.

ಎಷ್ಟು ಕಡ್ಡಾಯ, ಎಷ್ಟು ಆಯ್ಕೆ

ನನ್ನ ಅಭಿಪ್ರಾಯದಲ್ಲಿ ಕಡ್ಡಾಯ ಪಾಠಗಳ ಸಂಖ್ಯೆ ಕಡಿಮೆ ಮಾಡಬೇಕು, ಅವುಗಳ ತೂಕ ಜಾಸ್ತಿ ಮಾಡಬೇಕು. ಸಂವಿಧಾನ, ದಿನದ ಲೆಕ್ಕ ಮತ್ತು ಅಂಕಿಅಂಶ, ಬರವಣಿಗೆ, ನಮ್ಮ ನೆಲ-ನೀರಿನ ಪರಿಸರ. ಇವು ನಾಲ್ಕು ಎಲ್ಲರಿಗೂ ಇರಲಿ. ಒಂದೊಂದಕ್ಕೂ ಪೂರ್ತಿ ಕ್ರೆಡಿಟ್, ಪೂರ್ತಿ ಮೇಷ್ಟ್ರು. ಸೊನ್ನೆ ಕ್ರೆಡಿಟ್ ಕೊಟ್ಟು ಕಡ್ಡಾಯ ಅನ್ನುವುದು ಮಕ್ಕಳಿಗೆ "ಇದು ಮುಖ್ಯ ಅಲ್ಲ" ಅಂತ ಸರ್ಕಾರವೇ ಹೇಳಿದ ಹಾಗೆ. ಉಳಿದದ್ದನ್ನು ಮಕ್ಕಳ ಇಷ್ಟಕ್ಕೆ ಬಿಡಬೇಕು, ಆರಿಸಲು ಮೂರು-ನಾಲ್ಕು ವಿಷಯ ನಿಜವಾಗಿ ಇರುವ ಕಡೆ ಮಾತ್ರ.

ಸಣ್ಣ ಕಾಲೇಜಿಗೆ ಅಷ್ಟು ಜನ ಎಲ್ಲಿಂದ ತರೋಣ ಅನ್ನುವುದು ನ್ಯಾಯವಾದ ಪ್ರಶ್ನೆ. ಒಂದೇ ಊರಿನಲ್ಲಿ ನಾಲ್ಕಾರು ಕಾಲೇಜು ಇರುವ ಕಲಬುರಗಿ, ಬೀದರ್‌ನಂಥ ಕಡೆ ಒಬ್ಬ ಒಳ್ಳೆಯ ಸಂವಿಧಾನದ ಮೇಷ್ಟ್ರನ್ನು ಎರಡು ಕಾಲೇಜು ಹಂಚಿಕೊಳ್ಳಬಹುದು. ಇಲ್ಲಿ ಹೈಕೋರ್ಟ್ ಪೀಠ ಇದೆ, ವಕೀಲರಿದ್ದಾರೆ. ಅವರನ್ನು ಕರೆಸಿ ಸಂಭಾವನೆ ಕೊಟ್ಟು ಪಾಠ ಮಾಡಿಸಬಹುದು. ತಾಲ್ಲೂಕು ಕಾಲೇಜಿಗೆ ಇದು ಕಷ್ಟ. ಅಲ್ಲಿ ಖಾಯಂ ಹುದ್ದೆ ತುಂಬುವುದು ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ. ಆನ್‌ಲೈನ್ ಕೋರ್ಸ್ ಹಾಕಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಬೆಳೆ ವಿಮೆಯ ಲೆಕ್ಕದಲ್ಲಿ ಹಿಂದಿನ ಬೆಂಚಿನಿಂದ ಬಂದ ಆ ಪ್ರಶ್ನೆ ವಿಡಿಯೊಗೆ ಕೇಳಿಸುವುದಿಲ್ಲ.

ಪಠ್ಯ ಬದಲಿಸುವುದು ಅಂದುಕೊಂಡಷ್ಟು ದೂರದ ಮಾತೇನಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಇಲ್ಲೇ ಇದೆ. ಬೀದರ್‌ಗೆ ಈಗ ತನ್ನದೇ ವಿಶ್ವವಿದ್ಯಾಲಯ ಬಂದಿದೆ. ಯಾದಗಿರಿಯ ಕಾಲೇಜುಗಳು ರಾಯಚೂರಿನ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಹೋಗಿವೆ. ಪ್ರತಿ ವಿಷಯಕ್ಕೂ ಒಂದು ಅಧ್ಯಯನ ಮಂಡಳಿ ಇರುತ್ತದೆ. ಅದರಲ್ಲಿ ಕೂರುವವರು ನಮ್ಮ ಕಾಲೇಜುಗಳ ಮೇಷ್ಟ್ರುಗಳೇ. ರಾಜ್ಯದ ಚೌಕಟ್ಟಿನ ಒಳಗೇ 371(ಜೆ), ಭೀಮಾ, ತೊಗರಿ ವಿಮೆ ಸೇರಿಸಲು ಮುಂದಾಗಬೇಕಾದವರು ಅವರು. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಮುಂದಿನ ಸಭೆಗೆ ಇದನ್ನು ತಗೊಂಡು ಹೋಗಿ.

ಈ ವರ್ಷ ಪ್ರವೇಶ ಪಡೆಯುವ ಮಕ್ಕಳಿಗೆ, ಅವರ ತಂದೆ ತಾಯಿಗೆ ಒಂದು ಮಾತು. ಫೀಸು ಕಟ್ಟುವ ಮೊದಲು ಕಡ್ಡಾಯ ವಿಷಯಗಳ ಪಟ್ಟಿ ಕೇಳಿ. ಒಂದೊಂದನ್ನೂ ಪಾಠ ಮಾಡುವವರು ಯಾರು, ಅವರು ಯಾವ ವಿಷಯ ಓದಿದವರು ಅಂತ ಕೇಳಿ. ಆಯ್ಕೆಯ ವಿಷಯ ನಿಜವಾಗಿ ಎಷ್ಟಿವೆ ಅಂತ ಟೈಮ್‌ಟೇಬಲ್ ನೋಡಿ ತಿಳಿದುಕೊಳ್ಳಿ. ಸೆಮಿಸ್ಟರ್ ಶುರುವಾಗಿ ತಿಂಗಳಾದರೂ ಒಂದು ಪೇಪರ್‌ಗೆ ಯಾರೂ ಬರಲಿಲ್ಲ ಅಂದರೆ ಕ್ಲಾಸಿನವರೆಲ್ಲ ಸಹಿ ಮಾಡಿ ಪ್ರಾಂಶುಪಾಲರಿಗೆ ಅರ್ಜಿ ಕೊಡಿ. ವಿಷಯದ ಹೆಸರು, ನಡೆಯದ ತರಗತಿಗಳ ದಿನಾಂಕ ಬರೆಯಿರಿ. ಒಂದು ಪ್ರತಿಯನ್ನು ವಿಶ್ವವಿದ್ಯಾಲಯದ ಕುಲಸಚಿವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಇನ್ನೊಂದರ ಮೇಲೆ ಕಾಲೇಜಿನ ಸೀಲು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.